ಮಾತು ನಿಂತವರಿಗೆ ಎರಡು ಸ್ವರದ ಹಾಡು

ಕಾರ್ಯಕ್ರಮಗಳಿಗೆ ಹಾಡು ಬರೆದು ಹಾಡುವುದು ನನ್ನ ಕೆಲಸ. ಆದರೆ ಈಗ ಮನಸ್ಸು ಜಾಸ್ತಿ ನಿಂತಿರುವುದು ಲಕ್ವ ಹೊಡೆದು ಮಾತು ಹೋದವರ ಹತ್ತಿರ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ನಾವು ಹೇಳಿದ್ದು ಅರ್ಥವಾಗುತ್ತದೆ, ತಾವೇನು ಹೇಳಬೇಕು ಅನ್ನುವುದೂ ಗೊತ್ತಿರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮಿದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ, ಇದು ಅದರ ಒಂದು ಬಗೆ. ಅಂಥವರಲ್ಲೂ ಎಷ್ಟೋ ಜನ ಹಾಡುತ್ತಾರೆ! ಒಬ್ಬ ಅಜ್ಜಿಗೆ 'ನೀರು' ಅನ್ನಲು ಆಗುತ್ತಿರಲಿಲ್ಲ. ಬೀಸುವ ಪದ ಎತ್ತಿಕೊಟ್ಟರೆ ಸಾಲುಸಾಲಾಗಿ ಹೇಳುತ್ತಿದ್ದರು.

ಮನೆಯವರು ಖುಷಿಯಿಂದ ಅದನ್ನೇ ಹಾಡಿಸುತ್ತಿದ್ದರು. ಆದರೆ ಬಾಯಾರಿದಾಗ ಬೀಸುವ ಪದದಿಂದ ನೀರು ಕೇಳಲಾಗುವುದಿಲ್ಲ, ಅಲ್ವಾ? ಅವರಿಗೆ ಬೇಕಾದ ಮಾತನ್ನೇ ರಾಗಕ್ಕೆ ಕೂರಿಸಬೇಕು. ಅಮೆರಿಕದ ಬಾಸ್ಟನ್‌ನ ಸಂಶೋಧಕರಾದ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ 1973ರಲ್ಲಿ ಪ್ರಕಟಿಸಿದ ಮೆಲೋಡಿಕ್ ಇಂಟೋನೇಶನ್ ಥೆರಪಿಯ ಹಾದಿ ಇದೇ. ನಾನು ಕಲಿತದ್ದು ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ. ಈಗಲೂ ಅವರ ಜೊತೆಯಲ್ಲೇ ಕೂರುತ್ತೇನೆ.

ಅಜ್ಜಿಗೆ ಮೊದಲು ಹಿಡಿದದ್ದು 'ನೀರು ಬೇಕು'. ಅವರು ಮಾತಾಡುವ ಶ್ರುತಿಗೆ ಹತ್ತಿರದ ಎರಡೇ ಸ್ವರ. 'ನೀ', 'ಬೇ' ಮೇಲೆ. 'ರು', 'ಕು' ಕೆಳಗೆ. ಎಡಗೈಯನ್ನು ಮೇಜಿನ ಮೇಲಿಟ್ಟು ಒಂದೊಂದು ಅಕ್ಷರಕ್ಕೂ ಮೆಲ್ಲಗೆ ತಟ್ಟಿಸುತ್ತಾ ಮೊದಲು ಬರೀ ಗುನುಗಿದೆ. ಆಮೇಲೆ ಇಬ್ಬರೂ ಸೇರಿ ಹಾಡಿದೆವು. ಅವರ ದನಿ ಹೊರಟ ಮೇಲೆ ನನ್ನದನ್ನು ಇಳಿಸುತ್ತಾ ಹೋದೆ. ತಟ್ಟುವುದನ್ನು ಬಿಡಲಿಲ್ಲ. ಕೊನೆಗೆ 'ಏನು ಬೇಕು ಅಜ್ಜಿ?' ಅಂತ ಕೇಳಿ ಕಾಯಬೇಕು. ಈ ಕಾಯುವುದಿದೆಯಲ್ಲ, ಅದೇ ಕಷ್ಟ. ಪಕ್ಕದಲ್ಲಿ ಕೂತ ಮಗ ತಡೆಯಲಾರದೆ ತಾನೇ ಉತ್ತರ ಹೇಳಿಬಿಡುತ್ತಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೂ ಸುಮ್ನೆ ಇರಿ ಅಂತ ಕೈಸನ್ನೆ ಮಾಡುತ್ತಿದ್ದೆ.

ಇಲ್ಲಿ ಗಮಕ ಹಾಕಬಾರದು, ಅಂದರೆ ಸ್ವರವನ್ನು ಬಳುಕಿಸಬಾರದು. ಹಾಡುವವರಿಗೆ ಕೈಕಟ್ಟಿದ ಹಾಗಾಗುತ್ತದೆ, ನಿಜ. ಆದರೆ ರಾಗ ಚೆಂದವಾದಷ್ಟೂ ಅದು ಮಾತಿನಿಂದ ದೂರ ಹೋಗುತ್ತದೆ. ದಿನ ಕಳೆದಂತೆ ರಾಗವನ್ನು ಸವೆಸುತ್ತಾ ಮಾತಿನ ಧಾಟಿಗೆ ತರಬೇಕು. ಅಜ್ಜಿ ಈಗ ತೊಡೆಯ ಮೇಲೆ ತಾವೇ ತಟ್ಟಿಕೊಂಡು ನೀರು ಕೇಳುತ್ತಾರೆ. ಕೆಲವು ದಿನ ಸಲೀಸಾಗಿ ಬರುತ್ತದೆ, ಕೆಲವು ದಿನ ಇಲ್ಲ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಹೇಳಿದ್ದೇ ಅರ್ಥವಾಗದವರಿಗೆ ದಾರಿ ಬೇರೆ. ಹಾಗಾಗಿ ಮೊದಲು ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಹೋಗುವಾಗ ನಿಮ್ಮವರು ದಿನಾ ಹೇಳಲು ಒದ್ದಾಡುವ ನಾಲ್ಕು ಮಾತು ಬರೆದುಕೊಂಡು ಹೋಗಿ.