ಕಡತದ ಗಂಟು ಹೊತ್ತು ಅಠಾರ ಕಚೇರಿಗೆ

"ಅಠಾರ ಕಚೇರಿ ಕತೆ ಹೇಳೋಕೆ ಕೋಟೆಯಿಂದ ಯಾಕಯ್ಯಾ ನಡೆಸ್ತೀಯ?" ಅಂತ ನನ್ನ ಹಾಗೇ ಜನರನ್ನು ನಡೆಸಿ ಬೆಂಗಳೂರು ತೋರಿಸುವ ಗೆಳೆಯರು ನಕ್ಕಿದ್ದರು. ಈಗ ಭಾನುವಾರದ ತಂಡ ಶುಕ್ರವಾರವೇ ಭರ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಕಬ್ಬನ್ ಪಾರ್ಕಿನಲ್ಲಿ ಆ ಕಚೇರಿ ಕಟ್ಟಡದ ಮುಂದೆ ನಿಂತು, 1864ರಲ್ಲಿ ಶುರು, 1868ಕ್ಕೆ ಮುಗೀತು, ಈಗ ಹೈಕೋರ್ಟು ಅಂತ ಒಪ್ಪಿಸುತ್ತಿದ್ದೆ. ಹತ್ತೇ ನಿಮಿಷಕ್ಕೆ ಜನ ಮೊಬೈಲ್ ತೆಗೆಯುತ್ತಿದ್ದರು. ಚೆಂದದ ನಕ್ಷೆ ಅಚ್ಚು ಹಾಕಿಸಲು ನಾಲ್ಕೋ ನಾಲ್ಕೂವರೆಯೋ ಸಾವಿರ ಸುರಿದೆ. ಅಂಚು ಕತ್ತರಿಸುವಾಗ ಕೋಟೆಯೇ ಹಾರಿಹೋಗಿತ್ತು. ಕಟ್ಟು ಇನ್ನೂ ಅಟ್ಟದ ಮೇಲಿದೆ.

ಕೋಟೆಯಿಲ್ಲದ ಆ ನಕ್ಷೆ ನೋಡುವಾಗಲೇ ಹೊಳೆದದ್ದು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಹಿಡಿದ ಮೇಲೆ ಕಚೇರಿಗಳು ಬೆಂಗಳೂರಿಗೆ ಬಂದು ಕೂತದ್ದು ಕೋಟೆಯ ಟಿಪ್ಪು ಅರಮನೆಯಲ್ಲಿ. ಆ ಮರದ ಕಂಬಗಳ ನಡುವೆ 1868ರವರೆಗೂ ಸರ್ಕಾರ ನಡೆಯಿತು. ಆಮೇಲೆ ತಾನೇ 18 ಇಲಾಖೆಗಳ ಈ ಕೆಂಪು ಕಟ್ಟಡ, ಅಠಾರ ಅಂದರೇ ಹದಿನೆಂಟು! ಕತೆ ಅಲ್ಲಿಂದಲೇ ಶುರುವಾಗಬೇಕು, ಅಲ್ವಾ?

ಮೊದಲ ಸಲ ಬಂದವರು ಮೂವರು. ಬೆಳಗ್ಗೆ ಆರೂವರೆಗೆ ಕರೆದಿದ್ದೆ, ಅರಮನೆ ಬಾಗಿಲೇ ತೆರೆದಿರಲಿಲ್ಲ. ಒಬ್ಬರು ಮಾರ್ಕೆಟ್ಟಿನಲ್ಲೇ ಆಟೋ ಹತ್ತಿದರು. ತಲೆಗೆ 200 ರೂಪಾಯಿ, ಅದರಲ್ಲಿ ಕಾಫಿಗೇ ಅರ್ಧ ಹೋಯಿತು. ಉಲ್ಟಾ ನಡೆಸಿಯೂ ನೋಡಿದೆ. ಟೌನ್ ಹಾಲ್ ದಾಟುವಷ್ಟರಲ್ಲಿ ದೋಸೆ ವಾಸನೆಗೆ ಅರ್ಧ ತಂಡ ಮಾಯ.

ಕೊನೆಗೆ ಕೈ ಹಿಡಿದದ್ದು ಗಂಟು. ಹಳೇ ಪೇಪರನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಸುಮಾರು ಎರಡು ಕಿಲೋ, ಒಬ್ಬೊಬ್ಬರ ಕೈಗೂ ಕೊಟ್ಟೆ. ಮೂರು ಕಿಲೋಮೀಟರ್ ಹೊತ್ತವರಿಗೆ ಕಚೇರಿ ಬದಲಾಯಿಸುವುದು ಅಂದರೇನು ಅಂತ ನಾನು ಹೇಳಬೇಕಿಲ್ಲ. ಯಾವ ತಿರುವಿನಲ್ಲಿ ಗಂಟು ಇಳಿಸಿ ಕೂರಿಸುತ್ತೇನೆ, ಒಂದು ಗಂಟಿನೊಳಗೆ ಏನಿಟ್ಟಿರುತ್ತೇನೆ, ಅದು ನನಗೇ ಇರಲಿ.

ದಾರಿಯಲ್ಲಿ 18 ಇಲಾಖೆ ಯಾವ್ಯಾವು ಊಹಿಸಿ ಅಂತ ಸುಮ್ನೆ ಒಂದು ಆಟ. ಹನ್ನೊಂದು ದಾಟಿದವರಿಲ್ಲ. ಕೊನೆಗೆ ಕಟ್ಟಡದ ಮುಂದೆ ನಿಂತು, 1980ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು, ಉಳಿಸಿ ಅಂತ ಜನ ಅರ್ಜಿ ಹಾಕಿದ್ದೂ ಇದೇ ಕೋರ್ಟಿನಲ್ಲಿ ಅನ್ನುತ್ತೇನೆ. ಆಗ ಯಾರೂ ಮೊಬೈಲ್ ನೋಡುವುದಿಲ್ಲ.

ಈಗ ತಲೆಗೆ 350, ಹದಿನೈದು ಜನಕ್ಕಿಂತ ಜಾಸ್ತಿ ಸೇರಿಸುವುದಿಲ್ಲ. ಮಜ್ಜಿಗೆ, ಟಿಕೆಟ್ಟು ಕಳೆದು ಮೂರೂವರೆ ಸಾವಿರದಷ್ಟು ಉಳಿಯುತ್ತದೆ. ಕಡತಗಳು ಆಮೇಲೆ ರಸ್ತೆ ದಾಟಿ ವಿಧಾನಸೌಧಕ್ಕೆ ಹೋದವು. ನಾನು ಮಾತ್ರ ಈಚೆಗೇ ನಿಲ್ಲಿಸಿ ಗಂಟು ವಾಪಸ್ ಪಡೆಯುತ್ತೇನೆ. ಆದರೂ ಇಷ್ಟರಲ್ಲಿ ಎರಡು ಕಳೆದಿವೆ.