ಒಂದು ‘ಹಿಂದೆ’ಗೆ ಆರು ಇಂಗ್ಲಿಷ್ ಪದ: ಸಾಗರದ ಸಂಜೆ ಕ್ಲಾಸಿನ ಅನುಭವ

‘ಐ ಸ್ಯಾಟ್ ಬಿಹೈಂಡ್ ದ ಬಸ್’ ಎಂದು ಬರೆಯುವ ಹುಡುಗನಿಗೆ ‘ಬಿಹೈಂಡ್’ ಗೊತ್ತಿದೆ. ತೊಂದರೆ ಇರುವುದೇ ಅಲ್ಲಿ. ‘ಬಸ್ಸಲ್ಲಿ ಹಿಂದೆ ಕೂತಿದ್ದೆ’ ಅನ್ನುವಾಗಿನ ‘ಹಿಂದೆ’ಗೆ ಪಟ್ಟಿಯಲ್ಲಿ ಕಲಿತದ್ದನ್ನು ಅಂಟಿಸಿದ, ಈಗ ಬಸ್ಸು ಹೋಗಿದೆ, ಅವನು ರಸ್ತೆ ಮೇಲೆ ಕೂತಿದ್ದಾನೆ. ಈ ಒಂದು ತಪ್ಪಿಗೆ ನನ್ನ ಎರಡು ಮಳೆಗಾಲ ಹೋದವು. ಈಗ ಆರು ಕ್ಲಾಸಿನಲ್ಲಿ ಮುಗಿಯುತ್ತದೆ. ‘ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ವಿಭಕ್ತಿ ಯಾಕ್ರೀ’ ಎಂದು ನಕ್ಕ ಮೇಷ್ಟ್ರುಗಳಲ್ಲೇ ಇಬ್ಬರು ನನ್ನ ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ.

ಮೊದಲು ದಂಡವಾದ ದುಡ್ಡು. ಪೆಟ್ಟಿಗೆ, ಬೆಕ್ಕು ಇರುವ ಬಣ್ಣದ ಚಾರ್ಟು ಎಂಟು, ಲ್ಯಾಮಿನೇಷನ್ ಸೇರಿ 1,400 ರೂಪಾಯಿ ಆಸುಪಾಸು. ಕೆಲಸಕ್ಕೆ ಬರಲಿಲ್ಲ. ಪೆಟ್ಟಿಗೆಗೆ ಮುಖವಿಲ್ಲ, ಹಾಗಾಗಿ ಅದರ ಹಿಂದು ಯಾವುದೆಂದು ನೋಡುವವನು ನಿಂತ ಜಾಗವೇ ಹೇಳಬೇಕು. ಬಸ್ಸಿಗೆ, ಮನೆಗೆ, ದನಕ್ಕೆ ತಮ್ಮದೇ ಮುಖವಿದೆ, ಹಿಂದೂ ಇದೆ. ಮಕ್ಕಳು ಎರಡನ್ನೂ ಕಲಸಿಬಿಟ್ಟರು. ಮೇಲಾಗಿ ಚಿತ್ರದಲ್ಲಿ ಚಲನೆ ಕಾಣುವುದಿಲ್ಲ. ಲ್ಯಾಮಿನೇಷನ್ ಅಂಚಿನಲ್ಲಿ ಥಂಡಿ ಇಳಿದು ಆಗಸ್ಟ್ ಹೊತ್ತಿಗೆ ಬೆಕ್ಕಿಗೆ ಬೂಷ್ಟು ಹಿಡಿದಿತ್ತು. ಆಮೇಲೆ ಹದಿನಾಲ್ಕು ಪದದ ಬಾಯಿಪಾಠ ಮಾಡಿಸಿ ನೋಡಿದೆ. ಫಲ: ಜೀಪಿಗೆ ‘ಹಿಂಡ್ ವೀಲ್’, ಎಮ್ಮೆಗೆ ‘ರಿಯರ್ ಲೆಗ್ಸ್’. ‘ಹಿಂಡ್’ ಪ್ರಾಣಿಯ ಕಾಲಿಗೆ, ‘ರಿಯರ್’ ಗಾಡಿಗೆ ಎಂದು ಹೇಳಿ ಅಲ್ಲಿಗೇ ಬಿಡಿ. ಹಡಗಿನ ‘ಆಫ್ಟ್’, ‘ಆಸ್ಟರ್ನ್’ ಎರಡನ್ನೂ ಕಿತ್ತುಹಾಕಿದೆ, ಶರಾವತಿ ಲಾಂಚಿಗೆ ಅವು ಬೇಕಿಲ್ಲ.

ಈಗ ಮೊದಲ ದಿನ ಇಂಗ್ಲಿಷೇ ಇಲ್ಲ. ಬೋರ್ಡಿನ ಮೇಲೆ ಹಿಂದೆ, ಹಿಂದಕ್ಕೆ, ಹಿಂದಿನಿಂದ, ವಾಪಸ್ಸು. ಪ್ರತಿ ವಾಕ್ಯಕ್ಕೂ ಪ್ರಶ್ನೆಗಳ ಸಾಲು ಒಂದೇ: ಕಾಲವೋ ಜಾಗವೋ? ಜಾಗವಾದರೆ, ಇರುವುದೋ ಹೋಗುವುದೋ? ಇರುವುದಾದರೆ ಒಳಗೋ ಹೊರಗೋ? ಹೋಗುವುದಾದರೆ ಮುಖ ಯಾವ ಕಡೆ? ಈ ಕ್ರಮ ತಪ್ಪಿಸಬೇಡಿ. ಒಳಗೆ-ಹೊರಗೆ ಮೊದಲು ಕೇಳಿದರೆ ‘ಎರಡು ವರ್ಷದ ಹಿಂದೆ’ ಬಂದಾಗ ಕ್ಲಾಸು ಕಂಗಾಲಾಗುತ್ತದೆ.

ಎರಡನೇ ದಿನ ನೆಲದ ಮೇಲೆ ಸೀಮೆಸುಣ್ಣದ ಬಸ್ಸು, ಹನ್ನೆರಡು ಅಡಿಗೆ ಐದು ಅಡಿ, ಎಂಟು ಕುರ್ಚಿ. ಕೊನೆ ಕುರ್ಚಿಯವನು ‘ಅಟ್ ದ ಬ್ಯಾಕ್ ಆಫ್ ದ ಬಸ್’. ಅವನೇ ಎದ್ದು ಗೆರೆ ದಾಟಿ ನಿಂತರೆ ‘ಬಿಹೈಂಡ್ ದ ಬಸ್’. ಗೆರೆ ದಾಟಿದಾಗ ಪದ ಬದಲಾಗಬೇಕು, ಪದ ಹೇಳದೆ ಕಾಲು ದಾಟಿದರೆ ಮತ್ತೆ ಒಳಗೆ. ಡ್ರೈವರ್ ಬೆನ್ನಿಗೆ ಕೂತವನು ಬಸ್ಸಿನ ಒಳಗಿದ್ದರೂ ‘ಬಿಹೈಂಡ್ ದ ಡ್ರೈವರ್’, ಯಾಕೆಂದರೆ ಅವನು ಡ್ರೈವರಿನಿಂದ ಹೊರಗೆ. ಈ ಒಂದು ಕುರ್ಚಿಗೆ ಅರ್ಧ ಗಂಟೆ ಕೊಡಿ, ನಷ್ಟವಿಲ್ಲ.

ಮೂರನೇ ದಿನ ನಡಿಗೆ. ಇಬ್ಬರು ಬಾಗಿಲಿನಿಂದ ಹತ್ತು ಹೆಜ್ಜೆ ಹೋಗಲಿ. ಒಬ್ಬ ತಿರುಗಿ ವಾಪಸ್ಸು ಬರುತ್ತಾನೆ: ‘ವಾಕ್ಡ್ ಬ್ಯಾಕ್’. ಇನ್ನೊಬ್ಬ ತಿರುಗದೆ, ಬೆನ್ನು ಮುಂದು ಮಾಡಿ ಬರುತ್ತಾನೆ: ‘ವಾಕ್ಡ್ ಬ್ಯಾಕ್‌ವರ್ಡ್ಸ್’. ಇಲ್ಲೊಂದು ಗುಂಡಿ ಇದೆ. ‘ಸ್ಟೆಪ್ ಬ್ಯಾಕ್’ನಲ್ಲಿ ಯಾರೂ ತಿರುಗುವುದಿಲ್ಲ, ಎದುರಿನದರಿಂದ ದೂರ ಸರಿಯುತ್ತಾರೆ ಅಷ್ಟೆ. ಅದನ್ನು ಅದೇ ದಿನ ಹೇಳಿದರೆ ಕಲಿತದ್ದೂ ಹೋಗುತ್ತದೆ, ನಾಲ್ಕನೇ ದಿನಕ್ಕಿಡಿ. ಕೊನೆಯ ‘ಎಸ್’ಗೆ ನನ್ನ ಸೂತ್ರ: ನಾಮಪದದ ಮುಂಚೆ ಬಂದರೆ ಬೇಡ, ಕ್ರಿಯಾಪದದ ನಂತರ ಬಂದರೆ ಇರಲಿ. ಮೊದಲನೆಯದಕ್ಕೆ ‘ಬ್ಯಾಕ್‌ವರ್ಡ್ ಕ್ಲಾಸಸ್’ ಉದಾಹರಣೆ ಸಾಕು, ಅರ್ಜಿ ತುಂಬಿದವರಿಗೆಲ್ಲ ಗೊತ್ತು. ಅಮೆರಿಕದವರು ಹೆಚ್ಚಾಗಿ ಎರಡೂ ಕಡೆ ‘ಎಸ್’ ಕೈಬಿಡುತ್ತಾರೆ, ಅದು ತಪ್ಪಲ್ಲ.

ಹೋಂಸ್ಟೇ ಹುಡುಗರ ‘ಬಾತ್‌ರೂಮ್ ಈಸ್ ಬ್ಯಾಕ್‌ಸೈಡ್’ ಬಗ್ಗೆ ಸಂಕೋಚ ಬಿಟ್ಟು ಹೇಳಿಬಿಡಿ: ಬ್ಯಾಕ್‌ಸೈಡ್ ಎಂದರೆ ಕುಂಡಿ. ಒಮ್ಮೆ ನಕ್ಕವರು ಮತ್ತೆ ಆ ಪದ ಬಳಸಿದ್ದು ನಾನು ಕೇಳಿಲ್ಲ. ‘ಅಟ್ ದ ಬ್ಯಾಕ್’ ಎಂದರೆ ಮುಗಿಯಿತು. ‘ರಿಟರ್ನ್ ಬ್ಯಾಕ್’ ಕೂಡ ಬೇಡ, ರಿಟರ್ನ್ ಒಳಗೇ ವಾಪಸ್ಸು ಕೂತಿದೆ.

ಕಾಲಕ್ಕೆ ಊರಿನ ಲೆಕ್ಕವೇ ಸಲೀಸು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964. ಇವತ್ತಿನಿಂದ ಎಣಿಸಿದರೆ ‘ಅಗೋ’. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರಿಂದ ಎಣಿಸಿದರೆ ‘ನೈನ್ ಇಯರ್ಸ್ ಬಿಫೋರ್ ದಟ್’. ಕನ್ನಡದಲ್ಲಿ ಎರಡಕ್ಕೂ ‘ಹಿಂದೆ’ಯೇ. ಹಿನ್ನೀರಿಗೆ ಒಬ್ಬಳು ‘ಬಿಹೈಂಡ್ ವಾಟರ್’ ಎಂದು ಬರೆದಿದ್ದಳು, ಪಾಪ, ತರ್ಕ ಸರಿಯಾಗೇ ಇದೆ. ‘ಬ್ಯಾಕ್‌ವಾಟರ್’ ಎಂದು ತಿದ್ದಿ ಅರ್ಧ ಅಂಕ ಕೊಟ್ಟೆ.

ನಡುವೆ ಕ್ಯಾಲೆಂಡರಿನ ಪ್ರಯೋಗವೊಂದು ಮಾಡಿ ಕೈಸುಟ್ಟುಕೊಂಡೆ. ನಾವು ಮದುವೆಯನ್ನು ‘ಮುಂದಕ್ಕೆ’ ಹಾಕಿದರೆ ಇಂಗ್ಲಿಷಿನವರು ‘ಪುಶ್ಡ್ ಬ್ಯಾಕ್’ ಅನ್ನುತ್ತಾರೆ. ತಾರೀಖು ಮೊದಲೇ ಬಂದರೆ ಅವರಿಗೆ ‘ಬ್ರಾಟ್ ಫಾರ್ವರ್ಡ್’. ದಿಕ್ಕು ಪೂರ್ತಿ ಉಲ್ಟಾ. ಎರಡು ಸಂಜೆ ಹೋದರೂ ಅರ್ಧ ಕ್ಲಾಸು ಮದುವೆ ದಿನ ತಪ್ಪಿಸಿಕೊಂಡಿತು. ಈಗ ‘ಪೋಸ್ಟ್‌ಪೋನ್’ ಕಲಿಸಿ ಸುಮ್ಮನಾಗುತ್ತೇನೆ. ಟ್ಯಾಕ್ಸಿಯವರಿಗೆ ಮಾತ್ರ ‘ರಿವರ್ಸ್’ ಕಲಿಸುವುದೇ ಬೇಡ, ‘ಬರ್ಲಿ ಬರ್ಲಿ’ ಎಂದರೆ ಯಾವ ಗೇರು ಎಂದು ಅವರಿಗೇ ಚೆನ್ನಾಗಿ ಗೊತ್ತು.

ಐದನೇ ದಿನ ಒಂದು ಕನ್ನಡಿ ತರುತ್ತೇನೆ. ಅದರಲ್ಲಿ ಏನು ಮಾಡಿಸುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ, ನನ್ನ ಫೀಸು ನಿಂತಿರುವುದೇ ಅದರ ಮೇಲೆ. ಆರನೇ ದಿನ ಪರೀಕ್ಷೆ. ಒಟ್ಟು ಖರ್ಚು ಸೀಮೆಸುಣ್ಣ, ಜೆರಾಕ್ಸ್ ಸೇರಿ ನೂರು ರೂಪಾಯಿ ದಾಟುವುದಿಲ್ಲ. ಕಳೆದ ತಂಡದ 22 ಜನರಲ್ಲಿ ಮೊದಲ ದಿನ ಬಸ್ಸಿನ ವಾಕ್ಯ ತಪ್ಪಿದವರು ಹದಿನೆಂಟೋ ಹತ್ತೊಂಬತ್ತೋ, ಕೊನೆಗೆ ಉಳಿದವರು ಮೂವರು.

ಆ ಮೂವರದೂ ಒಂದೇ ತಪ್ಪು, ‘ಬಿಹೈಂಡ್ ಆಫ್ ದ ಬಸ್’. ‘ಇನ್ ಫ್ರಂಟ್ ಆಫ್’ ನಾಲಿಗೆಗೆ ಅಂಟಿರುತ್ತದೆ, ‘ಬಸ್ಸಿನ’ ಅನ್ನುವ ಷಷ್ಠಿಯೂ ಒಳಗಿಂದ ತಳ್ಳುತ್ತದೆ. ಅವರನ್ನು ಗೆರೆಯಾಚೆ ನಿಲ್ಲಿಸಿ, ‘ಆಫ್’ ಬಂದಾಗಲೆಲ್ಲ ಬಸ್ಸಿನೊಳಗಿನ ಕೊನೆ ಕುರ್ಚಿಗೆ ಕಳಿಸುತ್ತಿದ್ದೇನೆ.