ಮಗುವಿನ ಗೊರಕೆ: ಎಳವೆಯಿಂದ ಹರೆಯದವರೆಗೆ ಹೆತ್ತವರು ಗಮನಿಸಬೇಕಾದದ್ದು

“ಎಷ್ಟು ಗಾಢ ನಿದ್ದೆ ನೋಡು, ಅಪ್ಪನ ಹಾಗೆಯೇ ಗೊರಕೆ” ಎಂದು ಮಲಗಿದ ಮಗುವನ್ನು ನೋಡಿ ಮನೆಯ ಹಿರಿಯರು ಅಕ್ಕರೆಯಿಂದ ಹೇಳುವುದುಂಟು. ಆದರೆ ಗೊರಕೆ ಗಾಢ ನಿದ್ದೆಯ ಗುರುತಲ್ಲ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದು ಹೋದರೆ ಚಿಂತಿಸಬೇಕಾಗಿಲ್ಲ. ನೆಗಡಿಯಿಲ್ಲದಿದ್ದರೂ ವಾರಕ್ಕೆ ಮೂರು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಗೊರಕೆ ಹೊಡೆಯುವ ಮಗುವನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಗೊರಕೆ ಹೊಡೆಯುವ ಎಲ್ಲ ಮಕ್ಕಳಿಗೂ ಕಾಯಿಲೆ ಇರುವುದಿಲ್ಲವಾದರೂ, ನೂರು ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ನಿದ್ದೆಯಲ್ಲಿ ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವ ‘ಸ್ಲೀಪ್ ಅಪ್ನಿಯಾ’ ಇರುತ್ತದೆಂಬ ಅಂದಾಜಿದೆ.

ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು 2ರಿಂದ 8 ವರ್ಷದೊಳಗೆ. ಗಂಟಲಿನ ಎರಡೂ ಬದಿಯ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡೆನಾಯ್ಡ್ ಈ ವಯಸ್ಸಿನಲ್ಲಿ ಉಸಿರಿನ ದಾರಿಯ ಅಗಲಕ್ಕೆ ಹೋಲಿಸಿದರೆ ಅತಿ ದೊಡ್ಡದಾಗಿರುತ್ತವೆ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲಗೊಂಡು, ಉಳಿದಿರುವ ಇಕ್ಕಟ್ಟಾದ ಸಂದಿಯೂ ಮುಚ್ಚಿಹೋಗುತ್ತದೆ.

ಮಗುವನ್ನು ಯಾವ ಹೊತ್ತಿನಲ್ಲಿ ಗಮನಿಸಬೇಕು ಎಂಬುದು ಇಲ್ಲಿ ಬಹಳ ಮುಖ್ಯ. ರಾತ್ರಿ ಹತ್ತು ಗಂಟೆಗೆ ಒಮ್ಮೆ ಇಣುಕಿ, ಸದ್ದಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಾರದು. ಮಕ್ಕಳಲ್ಲಿ ಉಸಿರು ಕಟ್ಟುವುದು ಹೆಚ್ಚಾಗಿ ಕನಸು ಬೀಳುವ ಹಂತದ ನಿದ್ದೆಯಲ್ಲಿ, ಮತ್ತು ಆ ಹಂತ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗಿರುತ್ತದೆ. ಆದ್ದರಿಂದ ಬೆಳಗಿನ ಜಾವ ಮೂರರಿಂದ ಐದರ ನಡುವೆ ಎದ್ದು ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಯಿ ತೆರೆದು ಮಲಗಿದೆಯೇ? ಹೊದಿಕೆ ಒದ್ದುಹಾಕಿದ್ದರೂ ಕುತ್ತಿಗೆಯೂ ದಿಂಬೂ ಬೆವರಿನಿಂದ ಒದ್ದೆಯಾಗಿವೆಯೇ? ಅಂಗಿಯನ್ನು ಮೆಲ್ಲನೆ ಮೇಲೆತ್ತಿ ನೋಡಿ: ಉಸಿರೆಳೆಯುವಾಗ ಹೊಟ್ಟೆ ಮೇಲೇಳುತ್ತಿದ್ದು, ಎದೆ ಮಾತ್ರ ಒಳಗೆ ಕುಸಿಯುತ್ತಿದ್ದರೆ, ಮಗು ಮುಚ್ಚಿದ ದಾರಿಯೊಂದಿಗೆ ಸೆಣಸುತ್ತಿರಬಹುದು. ಗೊರಕೆ ಥಟ್ಟನೆ ನಿಂತು, ಎದೆ ಹೊಟ್ಟೆಗಳು ಅಲುಗುತ್ತಲೇ ಇದ್ದು ಸದ್ದು ಮಾತ್ರ ಇಲ್ಲವಾಗಿ, ಆಮೇಲೆ ಏದುಸಿರಿನೊಂದಿಗೆ ಮಗು ಹೊರಳಿದರೆ, ಆ ಮೌನವನ್ನು ಗೊರಕೆಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಮುಖದಿಂದ ಹೊಟ್ಟೆಯವರೆಗೆ ಕಾಣುವಂತೆ, ಸದ್ದು ಕೇಳುವಂತೆ, ಮೊಬೈಲಿನಲ್ಲಿ ಎರಡು ಮೂರು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಹಗಲಿನಲ್ಲಿ ಮಗುವನ್ನು ಪರೀಕ್ಷಿಸುವ ವೈದ್ಯರಿಗೆ ರಾತ್ರಿಯನ್ನು ತೋರಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಹಗಲಿನ ಲಕ್ಷಣಗಳು ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ನಿದ್ದೆ ಕೆಟ್ಟ ದೊಡ್ಡವರು ತೂಕಡಿಸುತ್ತಾರೆ. ಚಿಕ್ಕ ಮಕ್ಕಳು ಅನೇಕ ವೇಳೆ ಅದಕ್ಕೆ ವಿರುದ್ಧವಾಗಿ ಕುಳಿತಲ್ಲಿ ಕೂರದೆ, ಸಣ್ಣದಕ್ಕೂ ರೇಗುತ್ತಾ, ಪಾಠದಲ್ಲಿ ಗಮನವಿಡಲಾಗದೆ ಚಡಪಡಿಸುತ್ತಾರೆ. ಹಾಸಿಗೆಯಲ್ಲಿ ಮೂತ್ರ ಮಾಡುವುದು ನಿಂತಿದ್ದ ಮಗು ಮತ್ತೆ ಶುರು ಮಾಡುವುದು, ಬೆಳಿಗ್ಗೆ ಏಳುತ್ತಲೇ ತಲೆನೋವು ಎನ್ನುವುದು, ತೂಕ ಸರಿಯಾಗಿ ಏರದಿರುವುದು ಕೂಡ ಇದರ ಲಕ್ಷಣಗಳಾಗಿರಬಹುದು. ತುಂಟ, ಸೋಮಾರಿ ಎಂದು ಮಗುವನ್ನು ಗದರಿಸುವ ಮೊದಲು ಅದರ ರಾತ್ರಿಗಳು ಹೇಗಿವೆ ಎಂದು ನೋಡಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಮಕ್ಕಳ ವೈದ್ಯರು ಅಥವಾ ಇಎನ್‌ಟಿ ತಜ್ಞರು ಗಂಟಲು ನೋಡಿ ಹೇಳುವ ಟಾನ್ಸಿಲ್ ಗಾತ್ರವೊಂದೇ ಸಾಲದು. ದೊಡ್ಡ ಟಾನ್ಸಿಲ್ ಇದ್ದೂ ಚೆನ್ನಾಗಿ ಉಸಿರಾಡುವ ಮಕ್ಕಳಿದ್ದಾರೆ, ಚಿಕ್ಕದಿದ್ದೂ ಕಷ್ಟಪಡುವವರಿದ್ದಾರೆ. ಖಚಿತವಾಗಿ ತಿಳಿಸುವುದು ಒಂದು ರಾತ್ರಿಯ ಸ್ಲೀಪ್ ಸ್ಟಡಿ. ತಲೆಗೆ ತಂತಿಗಳು, ಎದೆ ಹೊಟ್ಟೆಗಳಿಗೆ ಪಟ್ಟಿ, ಬೆರಳಿಗೆ ಕ್ಲಿಪ್ ಹಾಕುತ್ತಾರೆ; ಸೂಜಿಯಿಲ್ಲ, ನೋವಿಲ್ಲ, ಹೆತ್ತವರೊಬ್ಬರು ಜೊತೆಯಲ್ಲಿರಬಹುದು. ವರದಿ ಕೈಗೆ ಬಂದಾಗ ಅದನ್ನು ಮಕ್ಕಳ ಅಳತೆಗೋಲಿನಿಂದ ಓದಲಾಗಿದೆಯೇ ಎಂದು ಕೇಳಿ. ದೊಡ್ಡವರಲ್ಲಿ ಗಂಟೆಗೆ 5 ಬಾರಿಯವರೆಗೆ ಉಸಿರು ತಡೆಯುವುದನ್ನು ಸಹಜವೆಂದು ಬಿಡುತ್ತಾರೆ. ಮಕ್ಕಳಲ್ಲಿ ಸಾಮಾನ್ಯವಾಗಿ ಗಂಟೆಗೆ ಒಂದನ್ನು ದಾಟಿದರೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಸೌಮ್ಯವಾಗಿದ್ದರೆ ವೈದ್ಯರು ಕೆಲವು ವಾರ ಮೂಗಿನ ಸ್ಟೆರಾಯ್ಡ್ ಸ್ಪ್ರೇ ಕೊಟ್ಟು ಕಾಯಬಹುದು. ಹೆಚ್ಚಿದ್ದರೆ ಟಾನ್ಸಿಲ್ ಮತ್ತು ಅಡೆನಾಯ್ಡ್ ತೆಗೆಯುವುದೇ ಮೊದಲ ಚಿಕಿತ್ಸೆ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 5ರಿಂದ 9 ವರ್ಷದ 464 ಮಕ್ಕಳ ಅಧ್ಯಯನದಲ್ಲಿ, ಏಳು ತಿಂಗಳ ನಂತರ ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ. 79ರಷ್ಟು ಮಕ್ಕಳ ಸ್ಲೀಪ್ ಸ್ಟಡಿ ಸಹಜವಾಗಿತ್ತು. ಕಾದು ನೋಡಿದವರಲ್ಲೂ ಶೇ. 46ರಷ್ಟು ಮಕ್ಕಳದು ಸಹಜಕ್ಕೆ ಬಂದಿತ್ತು. ಹೀಗಾಗಿ ತೀವ್ರವಲ್ಲದ ಕಾಯಿಲೆಯಲ್ಲಿ ಕಾಯುವ ಬಗ್ಗೆ ವೈದ್ಯರೊಡನೆ ಮಾತನಾಡಲು ಅವಕಾಶವಿದೆ. ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಉಳಿದಿರುವ ಕೊಡೀನ್ (ಅಫೀಮಿನ ಗುಂಪಿಗೆ ಸೇರಿದ ಔಷಧ) ಇರುವ ಕೆಮ್ಮಿನ ಔಷಧವನ್ನಾಗಲಿ, ಕೊಡೀನ್ ಇರುವ ನೋವಿನ ಮಾತ್ರೆಯನ್ನಾಗಲಿ ಮಗುವಿಗೆ ಕೊಡಲೇಬೇಡಿ. ಅದು ಉಸಿರಾಟವನ್ನೇ ನಿಲ್ಲಿಸಬಲ್ಲದು. ಐದರಿಂದ ಹತ್ತನೆಯ ದಿನದ ನಡುವೆ ಬಾಯಿಂದ ಕೆಂಪು ರಕ್ತ ಕಂಡರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ವರ್ಣತಂತುವಿನ ವ್ಯತ್ಯಾಸ) ಇರುವ ಮಕ್ಕಳಿಗೆ, ಲಕ್ಷಣಗಳಿಲ್ಲದಿದ್ದರೂ, 4 ವರ್ಷ ತುಂಬುವುದರೊಳಗೆ ಸ್ಲೀಪ್ ಸ್ಟಡಿ ಮಾಡಿಸುವುದು ಒಳ್ಳೆಯದು.

ಹರೆಯಕ್ಕೆ ಬರುವಾಗ ಅಡೆನಾಯ್ಡ್ ತಾನಾಗಿ ಕುಗ್ಗುತ್ತದೆ, ಆದರೆ ಆಗ ತೂಕ, ಕಿರಿದಾದ ದವಡೆ, ಅಲರ್ಜಿಯ ಮೂಗು ಕಾರಣಗಳಾಗಿ ಬರುತ್ತವೆ. ಆರನೆಯ ವಯಸ್ಸಿನಲ್ಲಿ ಆಪರೇಷನ್ ಆಗಿ ವಾಸಿಯಾಗಿದ್ದ ಮಗುವಿಗೆ ಹದಿನಾಲ್ಕರಲ್ಲಿ ಗೊರಕೆ ಮರಳಬಹುದು, ಮತ್ತು ಅಷ್ಟರಲ್ಲಿ ಅದು ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗುತ್ತಿರುವುದರಿಂದ ಯಾರ ಕಿವಿಗೂ ಬೀಳುವುದಿಲ್ಲ. ಈ ವಯಸ್ಸಿನಲ್ಲಿ ತೂಕಡಿಕೆ ನಿಜವಾಗಿಯೂ ಕಾಣುತ್ತದೆ. ನಾವು ಮೊಬೈಲನ್ನು ದೂರುತ್ತೇವೆ. ಎರಡು ವಾರ ಮಲಗಿದ, ಎದ್ದ ಹೊತ್ತನ್ನು ಬರೆದಿಡಿ: 13ರಿಂದ 18ರ ವಯಸ್ಸಿಗೆ ಬೇಕಾದ 8ರಿಂದ 10 ಗಂಟೆಯ ನಿದ್ದೆ ಸಿಕ್ಕಿಯೂ ತರಗತಿಯಲ್ಲಿ ಕಣ್ಣು ಮುಚ್ಚಿಹೋಗುತ್ತಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ. ಆಗ ತೂಕ ಇಳಿಸುವುದು, ರಾತ್ರಿ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರ, ಕೆಲವರಿಗೆ ಮೇಲ್ದವಡೆಯನ್ನು ಅಗಲಿಸುವ ದಂತ ಚಿಕಿತ್ಸೆ ನೆರವಾಗುತ್ತವೆ. ಮಗ ಅಥವಾ ಮಗಳು ಹಾಸ್ಟೆಲಿನಲ್ಲಿದ್ದರೆ, ಮುಂದಿನ ಸಲ ಹೋದಾಗ ಪಕ್ಕದ ಮಂಚದಲ್ಲಿ ಮಲಗುವವರನ್ನು ಕೇಳಿ ನೋಡಿ: ರಾತ್ರಿ ಗೊರಕೆ ಇದೆಯೇ, ನಡುವೆ ಅದು ನಿಂತು ಹೋಗುತ್ತದೆಯೇ?